ಠಕೂ ಎಮ್ಮೆ ಎಣಿಸಿದ ದಿನ

ಕಡೆಗೋಲು ತರಬೇಕು, ಮೊಸರಿನ ಗಡಿಗೆ ತರಬೇಕು, ಕಂಬಳಿ ಮರೆಯಬಾರದು ಎಂದು ಪದ್ಮಾಕರ ಸರ್ ಹೇಳಿ ಹೋಗಿದ್ದರು. ಮಗಳನ್ನೂ ಕರೆತಾ ಎಂದು ಕಡೆಗೆ ಸೇರಿಸಿದ್ದರು.

ಭಾಗೂಬಾಯಿ ಹೊರಟದ್ದೇ ಮಗಳಿಗಾಗಿ. ಉಳಿದದ್ದೆಲ್ಲ ಹೊರೆ.

ನಸುಕಿನಲ್ಲಿ ಎಮ್ಮೆ ಹಿಂಡಿ, ಸಗಣಿ ಬಳಿದು, ರೊಟ್ಟಿ ಬಡಿದಳು. ಮಗಳು ಠಕೂನ ತಲೆಗೆ ಬೆಣ್ಣೆ ತಿಕ್ಕಿ ಎರಡು ಜಡೆ ಹಾಕಿದಳು. ರಿಬ್ಬನ್ನು ಒಂದೇ ಇತ್ತು. ಅದನ್ನೇ ಕುಡಗೋಲಿನಿಂದ ಕೊಯ್ದು ಎರಡು ಮಾಡಿದಳು. ಎಮ್ಮೆ ಸಾಕುವ ಗೌಳಿಗರ ಕೇರಿ, ಗೌಳಿವಾಡೆಯಿಂದ ಡಾಂಬರು ರಸ್ತೆಗೆ ಕಾಡಿನೊಳಗೆ ಏಳು ಕಿಲೋಮೀಟರು. ಗಡಿಗೆ ಅವಳ ತಲೆಯ ಮೇಲೆ, ಕಂಬಳಿ ಹೆಗಲ ಮೇಲೆ, ಕಡೆಗೋಲು ಮಗಳ ಕೈಯಲ್ಲಿ. ರಸ್ತೆಗೆ ಬರುವಷ್ಟರಲ್ಲಿ ಠಕೂನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. ಭಾಗೂಬಾಯಿ ತನ್ನ ಸೀರೆಯಂಚಿನಿಂದ ಒಂದು ಎಳೆ ಹರಿದು ಕಟ್ಟಿಕೊಟ್ಟಳು.

ಖಾನಾಪುರದ ತನಕ ಟೆಂಪೊ. ಅಲ್ಲಿಂದ ಬೆಳಗಾವಿಯ ಬಸ್ಸು. ಗಡಿಗೆ ಕೆಳಗಿಟ್ಟರೆ ಚೆಲ್ಲುತ್ತದೆ ಎಂದು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಂಡಕ್ಟರು ಬಂದು ನೋಡಿ, ಚೆಲ್ಲಿದರೆ ನೀನೇ ನೆಕ್ಕಬೇಕು ನೋಡು ಗೌಳಗಿತ್ತಿ ಎಂದ. ಬಸ್ಸು ನಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ಎದ್ದು ಹಿಂದಿನ ಸೀಟಿಗೆ ಹೋದಳು. ಠಕೂ ಅವಳು ಹೋದ ಕಡೆಯೇ ನೋಡುತ್ತಿದ್ದಳು. ಭಾಗೂಬಾಯಿ ಮಗಳ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ದೇಸೂರು ದಾಟುವಷ್ಟರಲ್ಲಿ ಅವಳ ತೊಡೆ ಜೋಮು ಹಿಡಿದಿತ್ತು.

ಠಕೂಗೆ ಹನ್ನೊಂದು. ವಾಡೆಯ ಶಾಲೆ ಐದನೆಯ ತನಕ. ಅದು ಮುಗಿದಿತ್ತು. ಆರನೆಯದಕ್ಕೆ ಖಾನಾಪುರದ ವಸತಿನಿಲಯವೇ ಗತಿ. ಅಲ್ಲಿ ಹಾಸಿಗೆ ಇದೆ, ಊಟ ಇದೆ, ಶಾಲೆ ಎದುರಿಗೇ ಇದೆ. ಆದರೆ ವಾಡೆಯ ಶಾಲೆಯ ಗುರುಪಾದಪ್ಪ ಮಾಸ್ತರರು ಕೊಟ್ಟ ಕಾಗದದಲ್ಲಿ ಹೀಗೆ ಬರೆದಿತ್ತು: ಮಂದಬುದ್ಧಿ, ಎಣಿಕೆ ಬರುವುದಿಲ್ಲ. ಆ ಕಾಗದದ ಕೆಳಗೆ ಭಾಗೂಬಾಯಿಯದೇ ಹೆಬ್ಬೆಟ್ಟಿತ್ತು. ಶಾಲೆ ಬಿಡುವ ಕಾಗದ, ಒತ್ತು ಎಂದಿದ್ದರು. ಒತ್ತಿದ್ದಳು. ಏನು ಬರೆದಿದೆ ಎಂದು ತಿಳಿದದ್ದು ವಸತಿನಿಲಯದಲ್ಲಿ. ಅಲ್ಲಿಯ ಮೇಲ್ವಿಚಾರಕಿ ನೇತ್ರಾ ಅದನ್ನು ಓದಿ ಹೇಳಿ ವಾಪಸು ಕೊಟ್ಟಿದ್ದಳು. ಇಂಥ ಮಕ್ಕಳನ್ನು ಇಟ್ಟುಕೊಳ್ಳಲು ಇಲ್ಲಿ ವ್ಯವಸ್ಥೆ ಇಲ್ಲ, ಮಾಸ್ತರರೇ ಬೇರೆ ಕಾಗದ ಕೊಟ್ಟರೆ ನೋಡೋಣ, ಶುಕ್ರವಾರ ಸಂಜೆ ಐದರ ತನಕ ಸೀಟು ಹಿಡಿದಿರುತ್ತೇನೆ ಎಂದಿದ್ದಳು.

ಆ ದಿನ ಭಾಗೂಬಾಯಿ ಮನೆಗೆ ಬಂದು ಮಗಳನ್ನು ಹೊಡೆದಳು. ಐದು ವರ್ಷ ಶಾಲೆಗೆ ಹೋಗಿ ಎಣಿಸಲು ಬರುವುದಿಲ್ಲವೇ ಎಂದು ಬೆನ್ನಿನ ಮೇಲೆ, ತೋಳಿನ ಮೇಲೆ ಹೊಡೆದಳು. ಠಕೂ ಬಾಯಿ ಬಿಡಲಿಲ್ಲ. ಆಮೇಲೆ ತಾಯಿಯೇ ಅತ್ತು, ಬರೆ ಎದ್ದ ಜಾಗಕ್ಕೆ ಎಣ್ಣೆ ಸವರಿದ್ದಳು.

ಗಂಡ ಗೋವೆಯಲ್ಲಿ ಕೂಲಿಗಿದ್ದ. ವಾಡೆಯಲ್ಲಿ ಶಾಲೆ ಬಿಟ್ಟ ಹುಡುಗಿ ಎರಡು ವರ್ಷದಲ್ಲಿ ಗಂಡನ ಮನೆಗೆ ಹೋಗುತ್ತಾಳೆ. ಠಕೂನನ್ನು ಕೇಳಿಕೊಂಡು ಒಬ್ಬರು ಆಗಲೇ ಬಂದು ಚಹಾ ಕುಡಿದು ಹೋಗಿದ್ದರು.

ಆಗ ಬಂದವರು ಪದ್ಮಾಕರ ಸರ್. ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವವರು. ಬೆಳಗಾವಿಯಲ್ಲಿ ಶಿಕ್ಷಕರಿಗೆ ತರಬೇತಿ ಇದೆ, ಅಲ್ಲಿ ತೋರಿಸಲು ಒಬ್ಬ ಗೌಳಿ ಹೆಂಗಸು ಬೇಕಾಗಿದೆ, ಗುರುಪಾದಪ್ಪ ಮಾಸ್ತರರೂ ಬರುತ್ತಾರೆ, ನೀನು ಬಂದರೆ ಅಲ್ಲೇ ಕಾಗದ ಬರೆಸಿಕೊಡುತ್ತೇನೆ ಎಂದರು. ಇವತ್ತು ಶುಕ್ರವಾರ.

ತರಬೇತಿ ಖಾಸಬಾಗದಲ್ಲಿ ಮದುವೆ ನಡೆಸುವ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ಬಾಗಿಲಿಗೆ ದೊಡ್ಡ ಬ್ಯಾನರು: ವಸಾಹತುಮುಕ್ತ ಶಿಕ್ಷಣ, ಮೂಲನಿವಾಸಿಗಳ ದೃಷ್ಟಿಯಲ್ಲಿ ಪಾಠ. ಒಳಗೆ ಅರವತ್ತು ಕುರ್ಚಿ, ಅರವತ್ತು ಶಿಕ್ಷಕರು. ವೇದಿಕೆಯ ಮೇಲೆ ತರಬೇತಿ ಕೊಡುವ ಅಲಕಾ ಮೇಡಂ ಅವರಿಗೊಂದು ಕುರ್ಚಿ. ಭಾಗೂಬಾಯಿಗೆ ನೆಲದ ಮೇಲೆ ಚಾಪೆ.

ಅಲಕಾ ಮೇಡಂ ಬೆಳಗಾವಿಯ ರಾಮತೀರ್ಥ ನಗರದವರು. ಒಳ್ಳೆಯ ಮಾತು, ಒಳ್ಳೆಯ ಮುಖ. ಭಾಗೂಬಾಯಿಯ ಎರಡೂ ಕೈ ಹಿಡಿದು ನಮಸ್ಕಾರ ಮಾಡಿದರು. ಕಂಬಳಿ ಹೊದ್ದುಕೊಂಡೇ ಕೂತುಕೊಳ್ಳಬೇಕು, ಅದೇ ನಿಮ್ಮ ಸಂಸ್ಕೃತಿ ಎಂದರು. ಜೂನ್ ತಿಂಗಳು, ಮಳೆ ಇನ್ನೂ ಬಿದ್ದಿರಲಿಲ್ಲ. ತಲೆಯ ಮೇಲೆ ನಾಲ್ಕು ದೀಪ ಉರಿಯುತ್ತಿದ್ದವು. ಭಾಗೂಬಾಯಿ ಕಂಬಳಿ ಹೊದ್ದು ಮೊಸರು ಕಡೆದಳು. ಹಗ್ಗ ಎಳೆದಳು, ಬಿಟ್ಟಳು, ಎಳೆದಳು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ನಿಲ್ಲಿಸಿದರೆ ಫೋಟೊ ತೆಗೆಯುವವನು ನಿಲ್ಲಿಸಬೇಡ ಎಂದು ಕೈ ಮಾಡುತ್ತಿದ್ದ. ಮಾಸ್ತರರು, ಅಕ್ಕೋರುಗಳು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸೆಲ್ಫಿ ತೆಗೆದುಕೊಂಡರು. ಹಗ್ಗ ನಮಗೂ ಕೊಡು ಎಂದು ಎರಡು ಸಲ ಎಳೆದು ನಕ್ಕು ಹೋದರು.

ಅಲಕಾ ಮೇಡಂ ಮಾತಾಡುತ್ತಲೇ ಇದ್ದರು. ಇಂಗ್ಲಿಷರು ಬಂದು ನಮ್ಮ ಜ್ಞಾನವನ್ನು ಅಳಿಸಿದರು, ಕಾಡಿನ ಜನರನ್ನು ದಡ್ಡರೆಂದು ಬರೆದಿಟ್ಟರು, ಆ ಬರಹವನ್ನು ನಾವು ಅಳಿಸಬೇಕು ಎಂದರು. ಎಲ್ಲರೂ ಬರೆದುಕೊಂಡರು. ಎರಡನೆಯ ಸಾಲಿನಲ್ಲಿ ಕೂತಿದ್ದ ಗುರುಪಾದಪ್ಪ ಮಾಸ್ತರರೂ ಬರೆದುಕೊಂಡರು. ಭಾಗೂಬಾಯಿ ಇಂಗ್ಲಿಷರನ್ನು ಕಂಡವಳಲ್ಲ. ಅವಳ ಮಗಳನ್ನು ದಡ್ಡಿ ಎಂದು ಬರೆದ ಕೈ ಅಲ್ಲೇ ಎರಡನೆಯ ಸಾಲಿನಲ್ಲಿ ಪೆನ್ನು ಹಿಡಿದಿತ್ತು.

ಊಟಕ್ಕೆ ಪೂರಿ, ಶ್ರೀಖಂಡ. ಶಿಕ್ಷಕರದ್ದು ಆಗಲಿ ಎಂದು ತಾಯಿ-ಮಗಳಿಬ್ಬರನ್ನೂ ಕೈ ತೊಳೆಯುವ ಜಾಗದ ಹತ್ತಿರ ನಿಲ್ಲಿಸಿದರು. ಕಡೆದ ಮಜ್ಜಿಗೆಯನ್ನು ಯಾರಾದರೂ ಕುಡಿದಾರು ಎಂದು ಭಾಗೂಬಾಯಿ ಗಡಿಗೆಯನ್ನು ಮೇಜಿನ ಮೇಲಿಟ್ಟಿದ್ದಳು. ಅಡುಗೆಯವನು ಬಂದು, ಇದು ತೋರಿಸಲಿಕ್ಕೆ ತಂದದ್ದು, ಕುಡಿಯಲಿಕ್ಕಲ್ಲ ಎಂದು ಮೋರಿಗೆ ಸುರಿದ. ಬೆಣ್ಣೆಯೂ ಅದರ ಸಂಗಡ ಹೋಯಿತು. ಏಳು ಕಿಲೋಮೀಟರು ತಲೆಯ ಮೇಲೆ ಹೊತ್ತು ತಂದದ್ದು. ಠಕೂ ಬಗ್ಗಿ ಮೋರಿಯನ್ನು ನೋಡಿದಳು. ಭಾಗೂಬಾಯಿ ಖಾಲಿ ಗಡಿಗೆ ತೊಳೆದು ಬದಿಗಿಟ್ಟಳು. ಇನ್ನೂ ಕಾಗದ ಸಿಕ್ಕಿರಲಿಲ್ಲ.

ಮಧ್ಯಾಹ್ನ ಶಿಕ್ಷಕರು ತಾವು ತಯಾರಿಸಿದ ಪಾಠ ತೋರಿಸಬೇಕಾಗಿತ್ತು. ಗುರುಪಾದಪ್ಪ ಮಾಸ್ತರರ ಸರದಿ ಬಂತು. ಗೌಳಿ ಮಕ್ಕಳಿಗೆ ಗಣಿತವನ್ನು ಅವರ ಬದುಕಿನಿಂದಲೇ ಕಲಿಸಬೇಕು, ಮನೆಯ ಎಮ್ಮೆಗಳನ್ನು ಎಣಿಸುವುದರಿಂದ ಶುರುಮಾಡಬೇಕು ಎಂದರು. ಎಮ್ಮೆಯ ಚಿತ್ರ ಬಿಡಿಸಿದ ಹಾಳೆ ತೋರಿಸಿದರು. ಅಲಕಾ ಮೇಡಂ ತುಂಬ ಮೆಚ್ಚಿದರು. ಇಲ್ಲೇ ಮಗು ಇದೆಯಲ್ಲ, ಮಾಡಿ ತೋರಿಸಿ ಎಂದರು.

ಠಕೂನನ್ನು ವೇದಿಕೆಗೆ ಕರೆದರು. ಮಾಸ್ತರರು ಕೇಳಿದರು:

"ನಿಮ್ಮ ಮನ್ಯಾಗ ಎಮ್ಮಿ ಎಷ್ಟದಾವ?"

ಠಕೂ ನೆಲ ನೋಡಿದಳು.

"ಹೇಳವಾ. ಅಂಜಬ್ಯಾಡ. ಎಷ್ಟದಾವ?"

ಠಕೂ ಒಂದು ಕಾಲಿನಿಂದ ಇನ್ನೊಂದು ಕಾಲು ಉಜ್ಜಿದಳು. ಮಾಸ್ತರರು ಸಭೆಯ ಕಡೆ ತಿರುಗಿ ಕೈ ಚೆಲ್ಲಿದರು. ಹೋದ ವರ್ಷ ಸಾಹೇಬರು ತಪಾಸಣೆಗೆ ಬಂದಾಗಲೂ ಇದನ್ನೇ ಕೇಳಿದೆ, ಗೌಳಿ ಹುಡುಗಿ ಅಂತ ಎಲ್ಲಕ್ಕಿಂತ ಸಲೀಸಾದದ್ದೇ ಕೇಳಿದೆ, ಆಗಲೂ ಹೀಗೇ ನಿಂತಳು, ಸಾಹೇಬರ ಮುಂದೆ ನನ್ನ ಮರ್ಯಾದೆ ಹೋಯಿತು ಎಂದರು. ಕೆಲವರು ನಕ್ಕರು.

ಭಾಗೂಬಾಯಿ ವೇದಿಕೆಯ ಕೆಳಗೆ ನಿಂತು ಕೇಳಿಸಿಕೊಂಡಳು. ಮಗಳಿಗೆ ಬರಲಿಲ್ಲ ಎಂದ ಎಣಿಕೆ ಯಾವುದು ಎಂದು ಅವಳಿಗೆ ಇವತ್ತಿನ ತನಕ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಅವರ ವಾಡೆಯಲ್ಲಿ ಎಮ್ಮೆ ಎಣಿಸುವುದಿಲ್ಲ. ಎಣಿಸಿದರೆ ಒಂದು ಕಡಿಮೆಯಾಗುತ್ತದೆ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾರೆ. ಬಾರದೇ ಉಳಿದ ಹೆಸರು ಯಾವುದೆಂದು ಕೂಡಲೇ ಗೊತ್ತಾಗುತ್ತದೆ. ಠಕೂ ನಾಲ್ಕು ವರ್ಷದವಳಿದ್ದಾಗ ಕರುಗಳನ್ನು ಬೆರಳು ಮಾಡಿ ಎಣಿಸಿದ್ದಳು. ಭಾಗೂಬಾಯಿಯೇ ಆ ಬೆರಳನ್ನು ಮಡಚಿ, ಬಾಯಿ ಮುಚ್ಚಿ, ಇನ್ನೊಮ್ಮೆ ಎಣಿಸಬಾರದು ಎಂದು ಆಣೆ ಹಾಕಿಸಿಕೊಂಡಿದ್ದಳು.

ಮಗಳು ಆಣೆ ಉಳಿಸಿಕೊಂಡಿದ್ದಳು. ಸಾಹೇಬರ ಮುಂದೆ ಉಳಿಸಿಕೊಂಡಿದ್ದಳು. ತಾಯಿ ಹೊಡೆದಾಗಲೂ ಬಾಯಿ ಬಿಟ್ಟಿರಲಿಲ್ಲ.

ಭಾಗೂಬಾಯಿ ವೇದಿಕೆ ಹತ್ತಿದಳು. ತಡವರಿಸುತ್ತ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದಳು. ನಮ್ಮಲ್ಲಿ ಎಣಿಸುವುದಿಲ್ಲ, ಹೆಸರು ಹೇಳುತ್ತೇವೆ, ನಾನೇ ಕಲಿಸಿದ್ದು, ಹುಡುಗಿಯದು ತಪ್ಪಿಲ್ಲ ಎಂದಳು.

ಇಂಥ ಮೂಢನಂಬಿಕೆಗೆ ಏನು ಮಾಡುವುದು ಎಂದು ಮಾಸ್ತರರು ಗೊಣಗಿದರು. ಅಲಕಾ ಮೇಡಂ ಅವರನ್ನು ತಡೆದರು. ಮೂಢನಂಬಿಕೆಯಲ್ಲ, ಇದೇ ಮೂಲನಿವಾಸಿ ಜ್ಞಾನ, ನಾವು ಹುಡುಕುತ್ತಿದ್ದದ್ದೇ ಇದು ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಎಲ್ಲರೂ ಬರೆದುಕೊಳ್ಳಿ ಎಂದರು. ಒಬ್ಬ ಅಕ್ಕೋರು ಹಸಿರು ಸ್ಕೆಚ್‌ಪೆನ್ನಿನಿಂದ ಚಾರ್ಟಿನ ಮೇಲೆ ದುಂಡಗೆ ಬರೆದರು: ಗೌಳಿಗರು ಎಮ್ಮೆ ಎಣಿಸುವುದಿಲ್ಲ, ಹೆಸರಿನಿಂದ ಕರೆಯುತ್ತಾರೆ. ಚಾರ್ಟನ್ನು ಗೋಡೆಗೆ ಅಂಟಿಸಿದರು.

ಅಂಟಿಸಿದ ಮೇಲೆ ಪದ್ಮಾಕರ ಸರ್ ಮೇಡಂ ಕಿವಿಯಲ್ಲಿ ಏನೋ ಹೇಳಿದರು. ಮೇಡಂ ತಲೆಯಾಡಿಸಿ ಭಾಗೂಬಾಯಿಯ ಹೆಗಲ ಮೇಲೆ ಕೈಯಿಟ್ಟರು.

"ನೋಡ್ರಿ ತಾಯಿ, ನಿಮ್ಮ ಪದ್ಧತಿಗೆ ನಮ್ಮ ಗೌರವ ಅದ. ಆದ್ರ ಮಾಸ್ತರ್ರು ಕಾಗದ ಬರೀಬೇಕಂದ್ರ ಹುಡುಗಿಗೆ ಎಣಿಕಿ ಬರತದ ಅಂತ ತೋರಸಬೇಕಲ್ಲಾ? ಒಂದ ಸಲ ಎಣಿಸಿಬಿಡಲಿ."

ಬೇರೆ ಏನಾದರೂ ಎಣಿಸುತ್ತಾಳೆ, ಕುರ್ಚಿ ಎಣಿಸುತ್ತಾಳೆ, ಗೋಡೆಯ ಮೇಲಿನ ಚಿತ್ರ ಎಣಿಸುತ್ತಾಳೆ ಎಂದಳು ಭಾಗೂಬಾಯಿ. ಮಾಸ್ತರರು ಒಪ್ಪಲಿಲ್ಲ. ಕಾಗದದಲ್ಲಿ ತಪಾಸಣೆಯ ಪ್ರಶ್ನೆ ದಾಖಲಾಗಿದೆ, ಅದೇ ಪ್ರಶ್ನೆಗೆ ಉತ್ತರ ಬೇಕು ಎಂದರು.

ಗೋಡೆಯ ಗಡಿಯಾರದಲ್ಲಿ ಎರಡೂವರೆ ದಾಟಿತ್ತು. ಖಾನಾಪುರಕ್ಕೆ ಒಂದು ತಾಸಿನ ದಾರಿ.

ಭಾಗೂಬಾಯಿ ಮಗಳ ಮುಂದೆ ಮಂಡಿಯೂರಿದಳು. ತಮ್ಮ ಗೌಳಿ ಮಾತಿನಲ್ಲಿ, ಬೇರೆಯವರಿಗೆ ತಿಳಿಯದಂತೆ, ಎಣಿಸು ಎಂದಳು. ಠಕೂ ಆಗುವುದಿಲ್ಲ ಎಂದು ತಲೆಯಾಡಿಸಿದಳು. ನೀನೇ ಬೇಡ ಎಂದಿದ್ದೀಯಲ್ಲ ಆಯಿ ಎಂದಳು. ನಾನೇ ಈಗ ಎಣಿಸು ಅನ್ನುತ್ತಿದ್ದೇನೆ, ಪಾಪ ಬಂದರೆ ನನಗೆ ಬರಲಿ, ಎಣಿಸು ಮಗಳೇ ಎಂದಳು. ಕಾಲಿಗೆ ಬೀಳುತ್ತೇನೆ ಎಂದಳು.

ಠಕೂ ಕಣ್ಣು ಮುಚ್ಚಿದಳು. ದೊಡ್ಡಿಯನ್ನು ನೆನೆಸಿಕೊಂಡಳೋ ಏನೋ. ಒಂದೊಂದಕ್ಕೂ ತುಟಿ ಮೊದಲು ಹೆಸರಿಗಾಗಿ ಅಲುಗುತ್ತಿತ್ತು. ಆಮೇಲೆ ಅಂಕಿ ಹೊರಬೀಳುತ್ತಿತ್ತು. ಒಂದು. ಎರಡು. ಮೂರು. ಎಲ್ಲಿಯೂ ತಪ್ಪಲಿಲ್ಲ. ಹತ್ತೊಂಬತ್ತಕ್ಕೆ ನಿಂತಳು. ಕೆಳತುಟಿಯನ್ನು ಎಷ್ಟು ಕಚ್ಚಿಕೊಂಡಿದ್ದಳೆಂದರೆ ಹಲ್ಲಿಗೆ ರಕ್ತ ಹತ್ತಿತ್ತು.

ಅರವತ್ತು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗುರುಪಾದಪ್ಪ ಮಾಸ್ತರರೂ ತಟ್ಟಿದರು. ಅಲಕಾ ಮೇಡಂ ಠಕೂನನ್ನು ಎತ್ತಿ ಅಪ್ಪಿಕೊಂಡರು. ಫೋಟೊದವನು ಇನ್ನೊಮ್ಮೆ ಎಂದ. ಇನ್ನೊಮ್ಮೆ ಅಪ್ಪಿಕೊಂಡರು.

ಪದ್ಮಾಕರ ಸರ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಲ್ಲೇ ಕಾಗದ ಬರೆಸಿ ಮಾಸ್ತರರ ಸಹಿ ಹಾಕಿಸಿದರು. ಕೆಳಗೆ ತಾಯಿಯ ಹೆಬ್ಬೆಟ್ಟೂ ಬೇಕು ಎಂದರು. ಅವರ ಹತ್ತಿರವಿದ್ದ ಮಸಿಯ ಡಬ್ಬಿ ಒಣಗಿಹೋಗಿತ್ತು. ನೇತ್ರಾಬಾಯಿ ಹತ್ತಿರ ಮಸಿ ಇರುತ್ತದೆ, ಅಲ್ಲೇ ಒತ್ತು, ಬೇಗ ಹೋಗು ಎಂದು ಕಳಿಸಿದರು.

ಬಸ್ಸಿನಲ್ಲಿ ಖಾಲಿ ಗಡಿಗೆ ಉರುಳಾಡುತ್ತಿತ್ತು. ಠಕೂ ಅದನ್ನು ಕಾಲಿನಿಂದ ತಡೆದು ಹಿಡಿದಳು. ಯಾವ ಎಮ್ಮೆ ಸಾಯುತ್ತದೆ ಎಂದು ಕೇಳಿದಳು. ಭಾಗೂಬಾಯಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಯಾವುದೂ ಸಾಯುವುದಿಲ್ಲ ಎನ್ನಲು ಹೋದಳು. ಅದರ ಬದಲು ಎಮ್ಮೆಗಳ ಹೆಸರು ಒಂದೊಂದಾಗಿ ಹೇಳತೊಡಗಿದಳು.

ವಸತಿನಿಲಯ ಮುಟ್ಟಿದಾಗ ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ನೇತ್ರಾ ಕಾಯುತ್ತಿದ್ದಳು. ಕೆಟ್ಟವಳಲ್ಲ. ಎಂಬತ್ತು ಹುಡುಗಿಯರನ್ನು ಒಬ್ಬಳೇ ನೋಡಿಕೊಂಡು ಸೋತುಹೋಗಿದ್ದಳು. ರಿಜಿಸ್ಟರಿನಲ್ಲಿ ಠಕೂನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಳು. ಮಸಿಯ ಡಬ್ಬಿ ತೆರೆದು ಮುಂದಿಟ್ಟಳು. ಭಾಗೂಬಾಯಿ ಹೆಬ್ಬೆರಳು ಅದ್ದಿದಳು. ಕಾಗದದ ತನಕ ಒಯ್ದು ನಿಲ್ಲಿಸಿದಳು. ಹೋದ ಸಲ ಹೀಗೇ ಒತ್ತಿದ್ದು ನೆನಪಾಯಿತು.

"ಇದನ್ನ ಓದು," ಎಂದಳು ಮಗಳಿಗೆ.

"ಅಕೀ ಏನ್ ಓದತಾಳ. ಕೊಡ್ರಿ ಇಲ್ಲೆ, ನಾ ಓದಿ ಹೇಳ್ತೀನಿ," ಎಂದಳು ನೇತ್ರಾ.

"ಅಕೀನ ಓದಲಿ."

ಠಕೂ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಶಾಲೆಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹಿಂದೆ ಮಂದಬುದ್ಧಿಯವಳಾಗಿದ್ದ ಕುಮಾರಿ ಠಕೂ..." ಒಂದು ಕ್ಷಣ ನಿಂತಳು. ಮತ್ತೆ ಓದಿದಳು. "ಶಿಕ್ಷಕರ ತರಬೇತಿಯ ಚಟುವಟಿಕೆಯಿಂದಾಗಿ ಸುಧಾರಿಸಿ, ಎಣಿಕೆ ಕಲಿತಿರುತ್ತಾಳೆ. ಇದಕ್ಕೆ ಆಕೆಯ ತಾಯಿಯಾದ ನಾನೇ ಸಾಕ್ಷಿ. ಶಾಲೆಯ ಮೇಲಾಗಲಿ, ಶಿಕ್ಷಕರ ಮೇಲಾಗಲಿ ನನ್ನ ಯಾವ ದೂರೂ ಇರುವುದಿಲ್ಲ."

ಒಂದು ಅಕ್ಷರ ತಪ್ಪಲಿಲ್ಲ. ನೇತ್ರಾ ಮೇಜಿನ ಮೇಲಿನ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ಈಗ ಓದಿದ್ದು ಕೇಳಿದ್ರಲ್ಲಾ ಬಾಯಿ," ಎಂದಳು ಭಾಗೂಬಾಯಿ. "ಇನ್ನ ಯಾವ ಕಾಗದ ಬೇಕ್ರಿ ನಿಮಗ?"

"ನಾ ಕೇಳೀನಿ. ನನ್ನ ಕಿವಿ ಫೈಲಿಗೆ ಹಚ್ಚಾಕ ಬರೂದಿಲ್ಲವಾ."

ನೇತ್ರಾ ಸಮಾಧಾನದಿಂದ ತಿಳಿಸಿ ಹೇಳಿದಳು. ಬರೆದದ್ದು ಸುಳ್ಳು ಎಂದು ತನಗೂ ಗೊತ್ತು, ಆದರೆ ಇದನ್ನು ಮುಂದೆ ಯಾರು ಓದುತ್ತಾರೆ, ಫೈಲಿನಲ್ಲಿ ಬಿದ್ದಿರುತ್ತದೆ, ಒಂದು ಹೆಬ್ಬೆಟ್ಟಿಗೆ ಹುಡುಗಿ ಹತ್ತನೆಯ ತನಕ ಕಲಿಯುತ್ತಾಳೆ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಭಾಗೂಬಾಯಿಯ ಹೆಬ್ಬೆರಳಿನ ಮಸಿ ಒಣಗತೊಡಗಿತ್ತು.

"ಒತ್ತು ಆಯಿ," ಎಂದಳು ಠಕೂ. "ನನಗೇನೂ ಅನಸೂದಿಲ್ಲ."

ಭಾಗೂಬಾಯಿ ಮಗಳ ಮುಖ ನೋಡಿದಳು. ಹನ್ನೊಂದು ವರ್ಷದ ಮುಖ. ಕೆಳತುಟಿ ಊದಿತ್ತು. ಏನೂ ಅನಿಸುವುದಿಲ್ಲ ಎನ್ನುವುದನ್ನು ಅದು ಇವತ್ತು ಬೆಳಗಾವಿಯಲ್ಲಿ ಕಲಿತು ಬಂದಿತ್ತು.

ಅವಳು ಹೆಬ್ಬೆರಳನ್ನು ಸೀರೆಗೆ ಒರೆಸಿದಳು. ಒಮ್ಮೆ ಒರೆಸಿದಳು, ಹೋಗಲಿಲ್ಲ. ಉಗುಳು ಹಚ್ಚಿ ಚರ್ಮ ಕೆಂಪಾಗುವ ತನಕ ತಿಕ್ಕಿದಳು.

"ನಾ ಒತ್ತೂದಿಲ್ರಿ. ಒಂದ ದಿನಕ್ಕ ಎರಡ ಸಲ ಇಕೀನ ಬಿಟ್ಟುಕೊಡಾಕ ನನಗ ಆಗೂದಿಲ್ಲ. ನನ್ನ ಮಗಳು ದಡ್ಡಿ ಇದ್ಲು ಅಂತ ನಾ ಸಾಕ್ಷಿ ಹೇಳೂದಿಲ್ಲ. ದಡ್ಡ ಇದ್ದಾಂವ ಮಾಸ್ತರ. ಕೇಳೂದು ಹೆಂಗ ಅಂತ ಅಂವಗ ಗೊತ್ತಿರಲಿಲ್ಲ. ಹಂಗ ಬರದಕೊಡಂತ ಹೇಳ್ರಿ ಅಂವಗ. ಆಗ ಒತ್ತತೀನಿ, ಹತ್ತೂ ಬೆರಳ ಒತ್ತತೀನಿ."

ಹಾಗೆ ಯಾವ ಮಾಸ್ತರ ಬರೆದುಕೊಡುತ್ತಾನೆ ಎಂದು ನೇತ್ರಾ ಕೇಳಿದಳು. ಭಾಗೂಬಾಯಿ ಕಾಗದವನ್ನು ಹರಿಯಲಿಲ್ಲ. ಮೇಜಿನ ಮೇಲೆ ನೇತ್ರಾಳ ಕಡೆ ಸರಿಸಿದಳು.

ಐದು ಹೊಡೆಯಿತು. ನೇತ್ರಾ ಇನ್ನೂ ಎರಡು ನಿಮಿಷ ಕಾದಳು. ಆಮೇಲೆ ರಬ್ಬರು ತೆಗೆದುಕೊಂಡು ಪೆನ್ಸಿಲ್ಲಿನ ಹೆಸರನ್ನು ಅಳಿಸಿದಳು. ಅಳಿಸಿದ ಜಾಗಕ್ಕೆ ಪಟ್ಟಿಯಲ್ಲಿ ಮುಂದಿದ್ದ ಹುಡುಗಿಯ ಹೆಸರು ಬರೆದಳು.

ಠಕೂ ಅದನ್ನು ನೋಡುತ್ತಿದ್ದಳು. ಬೆಳಗಿನಿಂದ ಅಳದಿದ್ದವಳು ಈಗ ಅತ್ತಳು. ತಾಯಿಯನ್ನು ಎರಡೂ ಕೈಯಿಂದ ಹೊಡೆದಳು. ಹೊಟ್ಟೆಗೆ ಹೊಡೆದಳು, ಎದೆಗೆ ಹೊಡೆದಳು.

"ಹಂಗಾರ ನನಗ ಎಣಿಸು ಅಂದಿದ್ದ್ಯಾಕ? ಯಾಕ ಎಣಿಸು ಅಂದಿ?"

ಭಾಗೂಬಾಯಿ ತಡೆಯಲಿಲ್ಲ. ಹೊಡೆಯಲು ಬಿಟ್ಟಳು. ಮಗಳ ಕೈ ಸೋತ ಮೇಲೆ ಅವಳನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದಳು. ಹೊರಗೆ ಟೆಂಪೊ ನಿಂತಿತ್ತು. ಅದು ಹೋದರೆ ಮತ್ತೆ ಇರಲಿಲ್ಲ. ವಾಡೆಯಲ್ಲಿ ಎಮ್ಮೆ ಹಿಂಡುವ ಹೊತ್ತಾಗಿತ್ತು.

ಭಾಗೂಬಾಯಿ ಹೊಸ್ತಿಲ ಮೇಲೆ ಕೂತಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಳು. ಟೆಂಪೊ ಹಾರ್ನು ಹೊಡೆಯಿತು. ಇನ್ನೊಮ್ಮೆ ಹೊಡೆದು ಹೊರಟುಹೋಯಿತು.

ನೇತ್ರಾ ಕೀಲಿಕೈ ಹಿಡಿದು ಬಂದು ನಿಂತಳು.

"ಏಳವಾ. ಆಫೀಸಿನ ಬಾಗಲಾ ಹಾಕಬೇಕು."

"ಹಾಕ್ರಿ," ಎಂದಳು ಭಾಗೂಬಾಯಿ. ಕಾಲು ತೆಗೆಯಲಿಲ್ಲ.